ಕನ್ನಡಿಯಲ್ಲಿ ನಮ್ಮನೆ

ನಮ್ಮ ಕ್ಯಾರವಾನಿನ ಹಸಿರು ಪರದೆಯ ಎಡಗಡೆಯ ಮೂರನೇ ಕೊಕ್ಕೆ ಕಳಚಿಕೊಂಡು 38 ದಿನ ಆಯಿತು. ಹೊರಟ ಮೂರನೇ ದಿನ ಒಂದು ಹಾಳು ರಸ್ತೆಯಲ್ಲಿ ಕಳಚಿದ್ದು. ಅವತ್ತಿನಿಂದ ಪರದೆಯ ಆ ಮೂಲೆ ಸೊಟ್ಟಗೆ ಜೋತುಬಿದ್ದಿದೆ. ಕಾರಿನೊಳಗಿನ ಕನ್ನಡಿ ನೋಡಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ. ಇವತ್ತು ನಿಲ್ಲಿಸಿದ ತಕ್ಷಣ ಸರಿ ಮಾಡಬೇಕು ಅಂದುಕೊಳ್ಳುತ್ತೇನೆ. ನಿಲ್ಲಿಸಿದ ಮೇಲೆ ಮೊದಲು ಮಾಡುವ ಕೆಲಸವೇ ಆ ಪರದೆಯನ್ನು ಪೂರ್ತಿ ಸರಿಸಿ ಕಿಟಕಿ ತೆಗೆಯುವುದು. ಸರಿಸಿಟ್ಟ ಪರದೆಯಲ್ಲಿ ಸೊಟ್ಟ ಯಾವುದು, ನೆಟ್ಟಗಿರುವುದು ಯಾವುದು? ಮರೆತೇ ಹೋಗುತ್ತದೆ. ಬೆಳಿಗ್ಗೆ ಹೊರಟು ಕನ್ನಡಿ ನೋಡಿದರೆ ಮತ್ತೆ ಅದೇ ಮೂಲೆ.

ಇವತ್ತು ಕೊನೆಯ ದಿನ. ಸಂಜೆಗೆ ಮನೆ ಸೇರುತ್ತೇವೆ. 41 ದಿನ, 6,200 ಕಿಲೋಮೀಟರ್. ಸಮುದ್ರ ನೋಡಿದೆವು, ಕಾಡು ನೋಡಿದೆವು, ಒಂದು ಮರವೂ ಇಲ್ಲದ ಬಯಲಿನಲ್ಲಿ ಎರಡು ದಿನ ಓಡಿಸಿದೆವು. ಈಗ ಕೂತು ನೆನೆಸಿಕೊಂಡರೆ ಅವೆಲ್ಲಕ್ಕಿಂತ ಮೊದಲು ನೆನಪಿಗೆ ಬರುವುದು ಈ ಕನ್ನಡಿ. ಎಂಥಾ ದೊಡ್ಡ ಬೆಟ್ಟ ದಾಟಿ ಬಂದರೂ ಹಿಂದೆ ನೋಡಿದರೆ ಬೆಟ್ಟ ಇಲ್ಲ. ಕ್ಯಾರವಾನಿನ ಬಿಳಿ ಗೋಡೆ, ಅದರಲ್ಲೊಂದು ಕಿಟಕಿ, ಸೊಟ್ಟ ಪರದೆ. ಬಂದ ದಾರಿ ಕಾಣಲಿ ಅಂತ ಕಾರಿನ ಎರಡೂ ಪಕ್ಕಕ್ಕೆ ಉದ್ದ ಚಾಚಿದ ಇನ್ನೊಂದು ಜೊತೆ ಕನ್ನಡಿ ಹಾಕಿದ್ದೇವೆ. ಆನೆ ಕಿವಿ ಥರ ಕಾಣುತ್ತವೆ. ಅದರಲ್ಲೂ ಅರ್ಧ ಮನೆ, ಅರ್ಧ ರಸ್ತೆ.

ಕ್ಯಾರವಾನ್ ಅಂದರೆ ಸಿನಿಮಾದವರು ಶೂಟಿಂಗ್ ನಡುವೆ ಹೋಗಿ ಕೂರುವ ಎ.ಸಿ. ಬಸ್ಸು ಅಂದುಕೊಂಡವರು ಜಾಸ್ತಿ. ನಮ್ಮದು ಅದಲ್ಲ. ಇದಕ್ಕೆ ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ. ಎರಡು ಚಕ್ರದ ಮೇಲೆ ಕೂತ ಒಂದು ಕೋಣೆ, ಅಷ್ಟೇ. ಕಾರು ಎಳೆದರೆ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ಇರುತ್ತದೆ. ಗಂಡನನ್ನು ‘ನಮ್ಮನೆಯವರು’ ಅಂತ ಕರೆಯುವುದು ನಮ್ಮ ಮಾತಿನ ರೂಢಿ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಆ ಪದ ನನಗೆ ಕಣ್ಣಿಗೆ ಕಟ್ಟಿದ್ದು ಈ ಪ್ರಯಾಣದಲ್ಲಿ. ಮುಂದೆ ನಮ್ಮನೆಯವರು, ಹಿಂದೆ ನಮ್ಮನೆ. ನಡುವೆ 50 ಮಿಲಿಮೀಟರಿನ ಒಂದು ಉಕ್ಕಿನ ಗುಂಡು.

ಆ ಗುಂಡು ಒಂದು ನಿಂಬೆಹಣ್ಣಿನಷ್ಟಿದೆ. ಕಾರಿನ ಹಿಂದೆ ಸುಮ್ನೆ ನಿಂತಿರುತ್ತದೆ. ಅದರ ಮೇಲೆ ಕ್ಯಾರವಾನಿನ ಮೂತಿಯನ್ನು ನಿಧಾನಕ್ಕೆ ಇಳಿಸಬೇಕು. ‘ಕಟಕ್’ ಅಂತ ಸದ್ದು ಬಂದರೆ ಕಚ್ಚಿಕೊಂಡಿತು ಅಂತ ಲೆಕ್ಕ. 1,200 ಕಿಲೋ ತೂಕದ ಮನೆ, ಪಾತ್ರೆ ಪಡಗ, ಹಾಸಿಗೆ ದಿಂಬು ಎಲ್ಲ ಆ ಒಂದು ಸದ್ದನ್ನು ನಂಬಿ ನಮ್ಮ ಹಿಂದೆ ಬರುತ್ತವೆ. ನನಗೆ ಮೊದಲ ವಾರ ಆ ನಂಬಿಕೆ ಬರಲಿಲ್ಲ. ಮೂತಿಯ ಕೆಳಗಿನ ಪುಟ್ಟ ಚಕ್ರದ ಹಿಡಿ ತಿರುಗಿಸಿ ಮತ್ತೆ ಮೇಲೆತ್ತಿ ನೋಡುತ್ತಿದ್ದೆ. ಸರಿಯಾಗಿ ಕಚ್ಚಿಕೊಂಡಿದ್ದರೆ ಮೂತಿಯ ಜೊತೆ ಕಾರಿನ ಹಿಂಭಾಗವೂ ಮೇಲೇಳುತ್ತದೆ. ಕಾರು ಮೇಲೆದ್ದ ಮೇಲೆಯೇ ನನ್ನ ಜೀವ ಕೆಳಗಿಳಿಯುತ್ತಿತ್ತು. ಇಷ್ಟಾದ ಮೇಲೂ ಒಂದು ತೆಳ್ಳನೆಯ ಉಕ್ಕಿನ ತಂತಿಯನ್ನು ಕಾರಿಗೆ ಸಿಕ್ಕಿಸಬೇಕು. ಎಲ್ಲೋ ದಾರಿಯಲ್ಲಿ ಗುಂಡಿನಿಂದ ಮನೆ ಕಳಚಿಕೊಂಡರೆ ಆ ತಂತಿ ಮನೆಯ ಬ್ರೇಕನ್ನು ಎಳೆದು ಹಾಕಿ, ಆಮೇಲೆ ತಾನು ತುಂಡಾಗುತ್ತದೆ. ಮನೆ ಉಳಿಸಿ ತಾನು ಹೋಗುವ ಪೈಕಿ. ಎಲ್ಲರ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ ಅಲ್ವಾ.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಇದೊಂದೇ ಅಲ್ಲ. ನಾಲ್ಕು ಮೂಲೆಯ ಊರುಗಾಲು ಎತ್ತಬೇಕು, ಗ್ಯಾಸ್ ಬಂದ್ ಮಾಡಬೇಕು, ಕಿಟಕಿಗಳ ಚಿಲಕ ಹಾಕಬೇಕು, ಮೆಟ್ಟಿಲು ಒಳಗಿಡಬೇಕು, ದೀಪದ ವೈರು ಚುಚ್ಚಬೇಕು. ಆಮೇಲೆ ನಾನು ಹಿಂದೆ ಹೋಗಿ ನಿಂತು ‘ಎಡ ಬಂತು, ಬಲ ಬಂತು, ಬ್ರೇಕ್ ಬಂತು’ ಅಂತ ಕೂಗಬೇಕು. ಮೊದಲ ದಿನ ಇದಕ್ಕೆಲ್ಲ 50 ನಿಮಿಷ ಹಿಡಿಯಿತು. ಈಗ 12 ನಿಮಿಷ. ಒಂದು ದಿನ ಸ್ಪೂನಿನ ಡ್ರಾಯರಿಗೆ ಚಿಲಕ ಹಾಕುವುದು ಮರೆತಿದ್ದೆವು. ಮೊದಲ ತಿರುವಿನಲ್ಲೇ ಅದು ತೆರೆದುಕೊಂಡಿತ್ತು. ಕಾರಿನಲ್ಲಿ ಕೂತ ನಮಗೆ ಏನೂ ಕೇಳಿಸಲಿಲ್ಲ. ನಮ್ಮದೇ ಮನೆಯಲ್ಲಿ ಮೂರು ಗಂಟೆ ಕಾಲ ಅಷ್ಟೊಂದು ಗದ್ದಲ ನಡೆದಿದೆ, ನಾವು ಹತ್ತು ಅಡಿ ಮುಂದೆ ಕೂತು ಹಾಡು ಕೇಳುತ್ತಿದ್ದೆವು. ಬಾಗಿಲು ತೆಗೆದಾಗ ಒಂದು ಫೋರ್ಕು ನೆಟ್ಟಗೆ ಚಪ್ಪಲಿಯೊಳಗೆ ನಿಂತಿತ್ತು.

ಈಗ ಒಂದು ದೊಡ್ಡ ಲಾರಿ ನಮ್ಮನ್ನು ದಾಟಿಕೊಂಡು ಹೋಯಿತು. ಇಬ್ಬರೂ ಮಾತು ನಿಲ್ಲಿಸಿದೆವು. ಲಾರಿ ಪೂರ್ತಿ ಮುಂದೆ ಹೋದ ಮೇಲೆ ಮತ್ತೆ ಮಾತು ಶುರು. ಇದು ಒಂಬತ್ತನೇ ದಿನದಿಂದ ಬಂದ ಅಭ್ಯಾಸ.

ಒಂಬತ್ತನೇ ದಿನ ಓಡಿಸುತ್ತಿದ್ದವಳು ನಾನು. ಉದ್ದನೆಯ ಇಳಿಜಾರು. ಇದೇ ಥರ ಒಂದು ಲಾರಿ ಪಕ್ಕಕ್ಕೆ ಬಂತು. ದೊಡ್ಡ ಗಾಡಿ ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ. ಆ ಗಾಳಿ ಮೊದಲು ಕ್ಯಾರವಾನಿನ ಬಾಲವನ್ನು ಆಚೆ ನೂಕಿತು. ಲಾರಿ ದಾಟುತ್ತಿದ್ದ ಹಾಗೆ ಈಚೆ ಎಳೆಯಿತು. ಅಷ್ಟೇ ಸಾಕಾಯಿತು. ಹಿಂದಿನ ಮನೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹಾವು ಹರಿದ ಹಾಗೆ ಓಲಾಡತೊಡಗಿತು. ಪ್ರತಿ ಸಲ ಮೊದಲಿಗಿಂತ ಜಾಸ್ತಿ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವುದು ಅದು ಅಲ್ಲಾಡದಿರಲಿ ಅಂತ. ಇಲ್ಲಿ ಬಾಲಂಗೋಚಿಯೇ ಗಾಳಿಪಟವನ್ನು ಅಲ್ಲಾಡಿಸುತ್ತಿತ್ತು. ಕಾರಿನ ಸ್ಟೀರಿಂಗ್ ನನ್ನ ಕೈಯಲ್ಲಿತ್ತು, ಕಾರು ಇರಲಿಲ್ಲ.

ಇಂಥಾ ಹೊತ್ತಲ್ಲಿ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಜೋರಾಗಿ ಬ್ರೇಕ್ ಹಾಕಿದರೆ ಓಲಾಟ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಸ್ಪೀಡು ಹೆಚ್ಚಿಸಿ ತಪ್ಪಿಸಿಕೊಳ್ಳುತ್ತೇನೆ ಅನ್ನುವುದೂ ತಪ್ಪು. ಅದು ಎಡಕ್ಕೆ ಹೋದಾಗ ನಾನು ಬಲಕ್ಕೆ ತಿರುಗಿಸುತ್ತೇನೆ ಅಂತ ಹೋದರೆ ಇನ್ನೂ ಅಧ್ವಾನ, ಏಕೆಂದರೆ ನಮ್ಮ ಕೈ ಯಾವಾಗಲೂ ಅರ್ಧ ಕ್ಷಣ ತಡ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯುವ ತನಕ ಕಾಯಬೇಕು. ಅಂದರೆ ಏನೂ ಮಾಡದೆ ಕೂರಬೇಕು. ಎದೆ ಡವಡವ ಹೊಡೆದುಕೊಳ್ಳುವಾಗ ಏನೂ ಮಾಡದಿರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ನಾನು ಗೇರ್ ಹಾಕಿದರೂ ಒಂದು ಸಲಹೆ ಕೊಡುವ ನಮ್ಮನೆಯವರು ಅವತ್ತು ಒಂದು ಮಾತೂ ಆಡಲಿಲ್ಲ. ಓಲಾಟ ನಿಂತ ಮೇಲೆ ನೋಡಿದರೆ ಅವರ ಎರಡೂ ಕಾಲು ಒತ್ತಿ ಹಿಡಿದಿದ್ದವು. ಅವರ ಕಡೆ ಪೆಡಲೇ ಇಲ್ಲ.

ಗಾಡಿ ಬದಿಗೆ ನಿಲ್ಲಿಸಿ ಕಾರಣ ಹುಡುಕಿದೆವು. ಕ್ಯಾರವಾನಿನಲ್ಲಿ ಭಾರದ ಸಾಮಾನೆಲ್ಲ ಚಕ್ರದ ಮೇಲೆ ಬರುವ ಹಾಗೆ, ನೆಲಕ್ಕೆ ಹತ್ತಿರ ಇಡಬೇಕು. ಮೂತಿಯ ಕಡೆ ಸ್ವಲ್ಪ ಜಾಸ್ತಿ ಭಾರ ಇರಬೇಕು. ಹಿಂದೆ ಭಾರ ತುಂಬಿದರೆ ಬಾಲ ತೂಗುಯ್ಯಾಲೆಯಾಗುತ್ತದೆ. ಓದಿ ತಿಳಿದುಕೊಂಡಿದ್ದೆವು, ಹಾಗೇ ಜೋಡಿಸಿದ್ದೆವು ಕೂಡ. ಹಿಂದಿನ ಕಪಾಟು ತೆಗೆದೆ. ಕಲ್ಲು! ನಮ್ಮನೆಯವರಿಗೆ ಕಲ್ಲು ಆರಿಸುವ ಹುಚ್ಚು. ಹೊಳೆ ಕಂಡರೆ ನಾಲ್ಕು, ದಡ ಕಂಡರೆ ಐದು. ಎಂಟು ದಿನದಲ್ಲಿ ಒಂದು ಚೀಲ ತುಂಬಿತ್ತು. ಪಕ್ಕದಲ್ಲಿ 20 ಲೀಟರಿನ ಎರಡು ನೀರಿನ ಕ್ಯಾನು, ಅವೇ 40 ಕಿಲೋ. ‘ರೀ, ಇದೇನಿದು?’ ಅಂದೆ. ‘ಒಂದೊಂದೂ ಇಷ್ಟಿಷ್ಟೇ ಇದ್ದವು ಕಣೇ’ ಅಂದರು. ಬಿಸಾಡಲು ಒಪ್ಪಲಿಲ್ಲ. ಚೀಲ ಹೊತ್ತು ತಂದು ಚಕ್ರದ ಮೇಲೆ ಬರುವ ಬೆಂಚಿನ ಕೆಳಗೆ ಇಟ್ಟರು. ಅಂದಿನಿಂದ ನಾವು ಕಲ್ಲಿನ ಮೇಲೆ ಕೂತು ಊಟ ಮಾಡಿದ್ದೇವೆ.

ಓಡಿಸುವುದರಲ್ಲಿ ಸರದಿ ಇದೆ. ಎರಡು ಗಂಟೆ ಅವರು, ಎರಡು ಗಂಟೆ ನಾನು. ಹಿಂದಕ್ಕೆ ತೆಗೆಯುವುದು ಮಾತ್ರ ತಾನೇ ಅಂತ ಅವರ ಹಠ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಅವರ ಮನೆಗೆ ಚಕ್ರ ಇರಲಿಲ್ಲ. ಇದ್ದಿದ್ದರೆ ‘ಮನೆ ರಿವರ್ಸ್ ತೆಗೆದು ನೋಡು’ ಅಂತ ಮೂರನೆಯದನ್ನೂ ಸೇರಿಸುತ್ತಿದ್ದರು. ಕ್ಯಾರವಾನಿನ ಹಿಂಭಾಗ ಬಲಕ್ಕೆ ಹೋಗಬೇಕು ಅಂದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಬೇಕು. ಹೋಗಲು ಶುರು ಮಾಡಿದ ತಕ್ಷಣ ಮತ್ತೆ ಬಲಕ್ಕೆ ತಂದು ಅದರ ಬೆನ್ನು ಹತ್ತಬೇಕು. ಒಂದು ಕ್ಷಣ ಮೈಮರೆತರೆ ಕಾರು, ಮನೆ ಎರಡೂ ಮಡಚುಕತ್ತಿಯ ಹಾಗೆ ಮಡಚಿಕೊಂಡು ನಿಲ್ಲುತ್ತವೆ. ಕ್ಯಾರವಾನಿನವರನ್ನು ಬಸವನಹುಳಕ್ಕೆ ಹೋಲಿಸುವವರು ಬಹಳ. ಬೆನ್ನ ಮೇಲೆ ಮನೆ ಹೊತ್ತು ತಿರುಗುತ್ತಾರೆ ಅಂತ. ಬಸವನಹುಳಕ್ಕೆ ರಿವರ್ಸ್ ಗೇರ್ ಇಲ್ಲ. ಆ ಪುಣ್ಯ ನಮಗೆಲ್ಲಿ.

ಹಿಂದೆ ನಿಂತು ದಾರಿ ತೋರಿಸುವವಳು ನಾನು. ‘ಬಲಕ್ಕೆ ಬನ್ನಿ’ ಅನ್ನುತ್ತೇನೆ. ‘ನಿನ್ನ ಬಲಕ್ಕೋ ನನ್ನ ಬಲಕ್ಕೋ?’ ಅಂತ ಒಳಗಿನಿಂದ ಕೂಗುತ್ತಾರೆ. ‘ನಿಮ್ಮ ಬಲಕ್ಕೇ.’ ‘ನಾನು ಮುಂದೆ ನೋಡಿದಾಗಿನ ಬಲವೋ, ಹಿಂದೆ ತಿರುಗಿದಾಗಿನ ಬಲವೋ?’ ಇದಕ್ಕೆ ಉತ್ತರ ಕೊಡುವಷ್ಟರಲ್ಲಿ ಮನೆ ಪೊದೆಯೊಳಗೆ ಹೋಗಿರುತ್ತದೆ. ಕೊನೆಗೆ ಎಡ ಬಲ ಎರಡನ್ನೂ ಬಿಟ್ಟೆವು. ‘ಮರದ ಕಡೆ’, ‘ನಲ್ಲಿ ಕಡೆ’ ಅಂತ ಶುರು ಮಾಡಿದ ಮೇಲೆ ಸಂಸಾರ ಸುಧಾರಿಸಿತು. ಆದರೆ ತಂಗುದಾಣದಲ್ಲಿ ಮೊದಲೇ ಬಂದು ಕೂತವರಿರುತ್ತಾರಲ್ಲ, ಅವರದೊಂದು ಕಾಟ. ನಾವು ಹಿಂದಕ್ಕೆ ತೆಗೆಯುತ್ತಿದ್ದೇವೆ ಅಂತ ಗೊತ್ತಾದರೆ ಸಾಕು, ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಒಬ್ಬರು ಮಗುವನ್ನು ಎತ್ತಿಕೊಂಡೇ ಬಂದು ನಿಂತಿದ್ದರು, ಆನೆ ತೋರಿಸಲು ಬಂದ ಹಾಗೆ. ನಮ್ಮದು ಮುಗಿದ ಮೇಲೆ ನಾವೂ ಕುರ್ಚಿ ಹಾಕಿಕೊಂಡು ಮುಂದಿನವರಿಗೆ ಕಾದಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಹನ್ನೊಂದು ಗಂಟೆಗೆ ಮರದ ನೆರಳಲ್ಲಿ ನಿಲ್ಲಿಸಿ ಟೀ ಮಾಡಿಕೊಂಡೆವು. ರಸ್ತೆ ಬದಿಯಲ್ಲಿ ನಿಂತು ನಮ್ಮದೇ ಅಡುಗೆಮನೆಗೆ ಹೋಗುವ ಸುಖ ದೊಡ್ಡದು. ಟೀ ಪುಡಿ ಎಲ್ಲಿದೆ ಅಂತ ಕೈಗೆ ಗೊತ್ತು. ಕಣ್ಣು ಬೇಡ. ಒಂದು ಹೆಜ್ಜೆ ಇಟ್ಟರೆ ಅಡುಗೆಮನೆ, ಇನ್ನೊಂದು ಇಟ್ಟರೆ ಮಲಗುವ ಕೋಣೆ, ಮೂರನೆಯದು ಇಟ್ಟರೆ ಹೊರಗೆ. ಒಬ್ಬರು ಎದ್ದು ಓಡಾಡಬೇಕಾದರೆ ಇನ್ನೊಬ್ಬರು ಕೂರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಗಾದೆಯಲ್ಲ, ಅಳತೆ. ನಮ್ಮನೆಯವರು ಆರಡಿ. ಹಾಸಿಗೆ ಐದೂಮುಕ್ಕಾಲು.

ಜಗಳ ಆಡಿದರೂ ಅಷ್ಟೇ. ಮನೆಯಲ್ಲಾದರೆ ಎದ್ದು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಇರುವುದು ಒಂದೇ ಬಾಗಿಲು, ಅದು ತೆರೆಯುವುದು ಹೊರಗಿನ ಮಳೆಗೆ. ಹದಿನಾಲ್ಕನೇ ದಿನ ಹಾಗೇ ಆಯಿತು. ಯಾವ ದಾರಿಯಲ್ಲಿ ಹೋಗುವುದು ಅಂತ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ನಾನು ಕೋಪದಲ್ಲಿ ಎದ್ದೆ. ಎಲ್ಲಿಗೆ ಹೋಗಲಿ? ಎರಡು ಹೆಜ್ಜೆ ನಡೆದು ಸಿಂಕಿನ ಮುಂದೆ ನಿಂತೆ. ತಗಡಿನ ಚಾವಣಿಯ ಮೇಲೆ ಮಳೆ ಎಷ್ಟು ಜೋರಾಗಿತ್ತು ಅಂದರೆ ಜಗಳದ ಮುಂದಿನ ಮಾತು ಇಬ್ಬರಿಗೂ ಕೇಳಿಸಲಿಲ್ಲ. ‘ಏನಂದೆ?’ ಅಂದರು. ‘ನೀವೇನಂದಿರಿ?’ ಅಂದೆ. ಜೋರಾಗಿ ಕೂಗಿ ಹೇಳುವಷ್ಟು ದೊಡ್ಡ ಮಾತೇನೂ ಅದಾಗಿರಲಿಲ್ಲ.

ಟೀಗೆ ಹಾಕಿದ ಹಾಲು ತಣ್ಣಗಿತ್ತು. ಆ ಹಾಲಿನ ಹಿಂದೆ ಒಂದು ಕಥೆ ಇದೆ. ನಮ್ಮ ಕ್ಯಾರವಾನಿನ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ. ಓಡುವಾಗ ಕಾರಿನ ಬ್ಯಾಟರಿಯಿಂದ ನಡೆಯುತ್ತದೆ. ನಿಂತಾಗ ಗ್ಯಾಸ್ ಹಚ್ಚಬೇಕು. ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ! ಇದನ್ನು 1922ರಲ್ಲಿ ಕಂಡುಹಿಡಿದವರು ಬಾಲ್ಟ್ಸಾರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಸ್ವೀಡನ್ನಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಬೆಂಕಿ ಕಾಯಿಸಿ ಆವಿ ಮಾಡುತ್ತದೆ. ಆವಿ ಮೇಲೆ ಹೋಗಿ ತಣಿದು ದ್ರವವಾಗುತ್ತದೆ. ಆ ದ್ರವ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖ ಹೀರಿಕೊಳ್ಳುತ್ತದೆ. ಕೊನೆಗೆ ಅಮೋನಿಯಾ ಮತ್ತೆ ನೀರಿಗೇ ಸೇರುತ್ತದೆ. ಎಲ್ಲೂ ಒಂದು ಚಕ್ರ ತಿರುಗುವುದಿಲ್ಲ, ಸದ್ದಿಲ್ಲ. ಒಳಗಿನ ದ್ರವ ತಾನಾಗಿ ಇಳಿದು ಹರಿಯಬೇಕಾದ್ದರಿಂದ ಫ್ರಿಜ್ಜು ಮಟ್ಟಸವಾಗಿ ನಿಂತಿರಬೇಕು. ಹಾಗಾಗಿ ಎಲ್ಲೇ ನಿಲ್ಲಿಸಲಿ, ಎಂಥಾ ಸೂರ್ಯಾಸ್ತ ನಡೆಯುತ್ತಿರಲಿ, ನಮ್ಮನೆಯವರು ಮೊದಲು ರಸಮಟ್ಟ ಹಿಡಿದು ಬಗ್ಗುತ್ತಾರೆ. ಗುಳ್ಳೆ ನಡುವಿಗೆ ಬರುವ ತನಕ ಚಕ್ರದ ಕೆಳಗೆ ಹಲಗೆ ಇಡುತ್ತಲೇ ಇರುತ್ತಾರೆ. ಈ ಪ್ರವಾಸದಲ್ಲಿ ನಾನು ನೋಡಿದಷ್ಟು ಸೂರ್ಯಾಸ್ತ ಅವರು ನೋಡಿಲ್ಲ. ಅವರು ನೋಡಿದಷ್ಟು ಗುಳ್ಳೆ ನಾನು ನೋಡಿಲ್ಲ.

ನೀರಿನ ಲೆಕ್ಕ ನನ್ನದು. ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡುತ್ತಾನೆ ಅನ್ನುತ್ತೇವಲ್ಲ, ಕ್ಯಾರವಾನಿನಲ್ಲಿ ನೀರನ್ನು ದುಡ್ಡಿನ ಹಾಗೆ ಖರ್ಚು ಮಾಡಬೇಕು. ಟ್ಯಾಂಕಿನಲ್ಲಿ ಹಿಡಿಯುವುದು 70 ಲೀಟರ್. ನಲ್ಲಿ ತಿರುಗಿಸುವ ಮುಂಚೆ ಪಂಪಿನ ಸ್ವಿಚ್ ಹಾಕಬೇಕು. ತಿರುಗಿಸಿದಷ್ಟು ಹೊತ್ತೂ ಅದು ಗುರ್ರ್ ಅನ್ನುತ್ತದೆ. ಯಾರೋ ಹಿಂದೆ ನಿಂತು ಲೆಕ್ಕ ಹೇಳಿದ ಹಾಗೆ. ಮೂರನೇ ವಾರಕ್ಕೆ ನಾನು ಒಂದು ಲೋಟ ನೀರಲ್ಲಿ ಎರಡು ತಟ್ಟೆ ತೊಳೆಯುವುದು ಕಲಿತೆ. ತೊಳೆದ ನೀರು ಕೂಡ ಮಾಯವಾಗುವುದಿಲ್ಲ. ಕೆಳಗಿನ ಡಬ್ಬಿಯಲ್ಲಿ ತುಂಬಿಕೊಂಡು ಕಾಯುತ್ತಿರುತ್ತದೆ. ಟಾಯ್ಲೆಟ್ಟಿನ ಡಬ್ಬಿಯ ವಿಷಯ ಇಲ್ಲಿ ಬೇಡ. ಅದನ್ನು ಯಾರು ಖಾಲಿ ಮಾಡಬೇಕು ಅನ್ನುವುದಕ್ಕೆ ಇಸ್ಪೀಟು ಆಡುತ್ತಿದ್ದೆವು ಅಂತ ಮಾತ್ರ ಹೇಳುತ್ತೇನೆ. ಮದುವೆಯಾದಾಗಿನಿಂದ ಅಷ್ಟು ಗಂಭೀರವಾಗಿ ನಾವು ಯಾವ ಆಟವನ್ನೂ ಆಡಿರಲಿಲ್ಲ.

ಎದುರಿನಿಂದ ಇನ್ನೊಂದು ಕ್ಯಾರವಾನ್ ಬಂತು. ಅವರು ಕೈ ಎತ್ತಿದರು, ನಾವೂ ಎತ್ತಿದೆವು. ಅವರ ಕಾರಿನ ಗಾಜು ಇನ್ನೂ ಥಳಥಳ ಅನ್ನುತ್ತಿತ್ತು. ಈಗಷ್ಟೇ ಹೊರಟವರು. ನಮ್ಮ ಗಾಜಿನ ಮೇಲೆ 41 ದಿನದ ಹುಳಗಳ ಗುರುತಿದೆ.

ಈ ಹುಚ್ಚು ಶುರುವಾಗಿದ್ದು ಯಾರಿಂದ ಅಂತ ಒಂದು ರಾತ್ರಿ ಓದಿಕೊಂಡಿದ್ದೆ. ಕ್ಯಾರವಾನ್ ಅನ್ನುವ ಪದ ಪರ್ಷಿಯನ್ನಿನ ‘ಕಾರವಾನ್’ನಿಂದ ಬಂದದ್ದು. ಮರುಭೂಮಿಯಲ್ಲಿ ಒಂಟೆ ಕಟ್ಟಿಕೊಂಡು ಗುಂಪಾಗಿ ಹೋಗುವವರ ಸಾಲು. ಇಂಗ್ಲಿಷಿಗೆ ಬಂದು ಕ್ರಮೇಣ ಮುಚ್ಚಿದ ಬಂಡಿಯಾಯಿತು. ಆಮೇಲೆ ಅದರ ತಲೆ ಕತ್ತರಿಸಿ ಬಾಲ ಮಾತ್ರ ಇಟ್ಟುಕೊಂಡರು. ನಾವು ದಿನಾ ಹೇಳುವ ‘ವ್ಯಾನ್’ ಆ ಬಾಲ. ಇನ್ನು ಬರೀ ಖುಷಿಗೋಸ್ಕರ ಮನೆಯನ್ನು ಎಳೆಸಿಕೊಂಡು ತಿರುಗಿದವರಲ್ಲಿ ಮೊದಲಿಗರು ಗಾರ್ಡನ್ ಸ್ಟೇಬಲ್ಸ್. ಬ್ರಿಟನ್ನಿನ ನೌಕಾಪಡೆಯಲ್ಲಿ ಡಾಕ್ಟರಾಗಿದ್ದವರು, ಆಮೇಲೆ ಹುಡುಗರಿಗೆ ಸಾಹಸದ ಕಥೆ ಬರೆದವರು. 1885ರಲ್ಲಿ ಬ್ರಿಸ್ಟಲ್‌ನ ಬಂಡಿ ಕಾರ್ಖಾನೆಯಲ್ಲಿ ಮಾಡಿಸಿದ ಮನೆಯಲ್ಲಿ ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್ ತನಕ ಹೋದರು. ಮನೆ ಸುಮಾರು 2 ಟನ್, ಎಳೆಯಲು ಎರಡು ಕುದುರೆ. ಗಾಡಿ ಹೊಡೆಯಲು ಒಬ್ಬ. ಇನ್ನೊಬ್ಬ ಮೂರು ಚಕ್ರದ ಸೈಕಲ್ ತುಳಿದುಕೊಂಡು ಮುಂದೆ ಹೋಗಿ, ಹಿಂದೆ ಮನೆ ಬರುತ್ತಿದೆ ದಾರಿ ಬಿಡಿ ಅಂತ ಹೇಳುತ್ತಿದ್ದ. ಇದನ್ನು ಓದಿ ಹೇಳಿದಾಗ ನಮ್ಮನೆಯವರು ನನ್ನ ಕಡೆ ಒಂದು ಥರ ನೋಡಿದರು. ನಾನು ಸೈಕಲ್ ತುಳಿಯುವುದಿಲ್ಲ ಅಂತ ಅವತ್ತೇ ಹೇಳಿಬಿಟ್ಟೆ.

ನನಗೆ ಇಷ್ಟವಾದವರು ಸ್ಟೇಬಲ್ಸ್ ಅಲ್ಲ, ಜರ್ಮನಿಯ ಆರಿಸ್ಟ್ ಡೆತ್ಲೆಫ್ಸ್. ಅವರ ಮನೆತನದ್ದು ಚಾಟಿ ಮತ್ತು ಸ್ಕೀ ಕೋಲು ಮಾಡುವ ಕಾರ್ಖಾನೆ. ಮಾರಾಟಕ್ಕೆ ಅಂತ ಅವರು ವಾರಗಟ್ಟಲೆ ಊರೂರು ಸುತ್ತಬೇಕಿತ್ತು. ಮದುವೆಯಾಗಲಿದ್ದ ಫ್ರಿಡೆಲ್ ಚಿತ್ರ ಬರೆಯುವವರು. ಜೊತೆಗೇ ಹೋಗುವಂಥ, ಒಳಗೆ ಕೂತು ಚಿತ್ರ ಬರೆಯುವಂಥ ಒಂದು ಗಾಡಿ ಇದ್ದರೆ ಅಂದರಂತೆ. 1931ರಲ್ಲಿ ಡೆತ್ಲೆಫ್ಸ್ ಅದನ್ನು ಮಾಡಿಯೇಬಿಟ್ಟರು. ಕಾರಿನ ಹಿಂದೆ ಕಟ್ಟುವ ಮನೆ. ಆಮೇಲೆ ಚಾಟಿ ಬಿಟ್ಟು ಅದೇ ಅವರ ಉದ್ಯೋಗವಾಯಿತು. ಗಂಡಂದಿರು ಆಫೀಸಿನ ಕೆಲಸಕ್ಕೆ ಊರಿಗೆ ಹೋಗುವಾಗ ಇದನ್ನು ನೆನಪು ಮಾಡಿಕೊಳ್ಳಬಹುದು.

ಮನೆ ಹತ್ತಿರವಾಗುತ್ತಾ ನಮ್ಮನೆಯವರು ಕಲ್ಲಿನ ಮಾತು ತೆಗೆದರು. ಎಲ್ಲಿ ಇಡುವುದು ಅಂತ. ಒಟ್ಟು 28 ಕಿಲೋ ಆಗಿದೆ, ನಿನ್ನೆ ತೂಗಿದ್ದಾರೆ. ‘ಅಷ್ಟು ದೂರ ಹೋಗಿ ಕಲ್ಲು ತರುವವರು ನೀವೊಬ್ಬರೇ’ ಅಂದೆ. ‘ಯಾಕೆ, ಚಂದ್ರನಿಂದ ಏನು ತಂದರು? ಕಲ್ಲೇ ತಾನೆ’ ಅಂದರು. ನಿಜ. 1969ರಲ್ಲಿ ಅಪೊಲೊ 11 ತಂದಿದ್ದು ಸುಮಾರು 21.5 ಕಿಲೋ ಕಲ್ಲು ಮಣ್ಣು. ಇವರದು ಅದಕ್ಕಿಂತ ಜಾಸ್ತಿ. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ‘ಬಂದವರು ಮೊದಲು ಎಲ್ಲಿಗೆ ಹೋದರು ಗೊತ್ತಾ? ಕ್ಯಾರವಾನಿಗೆ’ ಅಂದರು.

ಅದೂ ನಿಜವೇ. ಚಂದ್ರನಿಂದ ಯಾವುದಾದರೂ ರೋಗಾಣು ಬಂದಿದ್ದರೆ ಅಂತ ಹೆದರಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ 21 ದಿನ ಬೇರೆ ಇಟ್ಟರು. ಜುಲೈ 24ರಂದು ಸಮುದ್ರಕ್ಕೆ ಇಳಿದವರನ್ನು ಹಡಗಿಗೆ ಕರೆತಂದು ನೇರವಾಗಿ ಏರ್‌ಸ್ಟ್ರೀಮ್ ಕಂಪನಿಯ ಒಂದು ಕ್ಯಾರವಾನಿನೊಳಗೆ ಕಳಿಸಿದರು. ಚಕ್ರ ಬಿಚ್ಚಿ, ಒಳಗಿನ ಗಾಳಿ ಹೊರಗೆ ಸೋರದ ಹಾಗೆ ಮಾರ್ಪಾಡು ಮಾಡಿದ್ದ ಕ್ಯಾರವಾನ್. ಅಧ್ಯಕ್ಷ ನಿಕ್ಸನ್ ಬಂದು ಕಿಟಕಿಯ ಆಚೆ ನಿಂತು ಮಾತಾಡಿಸಿದರು. ಒಳಗೆ ಮೂವರು ಕಿಟಕಿಗೆ ಮುಖ ಒತ್ತಿಕೊಂಡು ನಗುವ ಫೋಟೊ ನೀವೂ ನೋಡಿರಬಹುದು. ಆ ಕ್ಯಾರವಾನನ್ನು ಅವರ ಸಮೇತ ವಿಮಾನದಲ್ಲಿ ಹ್ಯೂಸ್ಟನ್‌ಗೆ ತಂದರು. ಅಷ್ಟು ದೂರ ಹೋಗಿ ಬಂದವರು ತಮ್ಮ ಮನೆ ಸೇರುವ ಮುಂಚೆ ಇಂಥದ್ದೇ ಒಂದು ಇಕ್ಕಟ್ಟಿನ ಪೆಟ್ಟಿಗೆಯಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗಿಸಿಕೊಂಡು ಕೂತಿದ್ದರಲ್ಲ ಅಂತ ನನಗೆ ಏನೋ ಸಮಾಧಾನ. ಕಲ್ಲಿಗೆ ಮಾತ್ರ ಜಾಗ ಕೊಡಲಿಲ್ಲ. ಅಂಗಳದಲ್ಲಿ ಎಲ್ಲಾದರೂ ಇಡಿ ಅಂದೆ.

‘ಬರುವಾಗ ಬೇಗ ಬಂದ್ವಿ ಅಲ್ವಾ?’ ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ. 2011ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕ ನೀಲ್ಸ್ ವಾನ್ ಡೆ ವೆನ್ ಮತ್ತು ಜೊತೆಯವರು ಇದನ್ನು ಅಳೆದು ನೋಡಿದ್ದಾರೆ. ಬಸ್ಸಲ್ಲಿ ಹೋದವರನ್ನು ಕೇಳಿದರು, ಸೈಕಲ್ಲಿನಲ್ಲಿ ಹೋದವರನ್ನು ಕೇಳಿದರು. ವಾಪಸ್ ಬರುವ ದಾರಿ ಸರಾಸರಿ 22 ಶೇಕಡ ಚಿಕ್ಕದು ಅನ್ನಿಸುತ್ತದಂತೆ. ದಾರಿ ಪರಿಚಯ ಇರುವುದರಿಂದ ಹಾಗೆ ಅಂದುಕೊಂಡಿದ್ದೆ. ಅಲ್ಲವಂತೆ. ಅಷ್ಟೇ ದೂರದ ಬೇರೆ ದಾರಿಯಲ್ಲಿ ಬಂದವರಿಗೂ ಹಾಗೇ ಅನ್ನಿಸಿದೆ. ಹೋಗುವಾಗ ಬೇಗ ಮುಟ್ಟುತ್ತೇವೆ ಅಂದುಕೊಂಡಿರುತ್ತೇವೆ, ಆಗುವುದಿಲ್ಲ. ಬರುವಾಗ ಇನ್ನೂ ಎಷ್ಟು ದೂರವೋ ಅಂದುಕೊಂಡು ಹೊರಡುತ್ತೇವೆ, ಅಷ್ಟು ಇರುವುದಿಲ್ಲ. ಇರಬಹುದು. ಆದರೆ ಬಸ್ಸು ಸೈಕಲ್ಲಿನ ಈ ಲೆಕ್ಕವನ್ನು ಕ್ಯಾರವಾನಿಗೆ ಹೇಗೆ ಹಾಕುವುದು? ಹೋಗುವಾಗಲೂ ಕನ್ನಡಿಯಲ್ಲಿ ಅದೇ ಕಿಟಕಿ, ಬರುವಾಗಲೂ ಅದೇ. ಮುಂದಿನ ಗಾಜು ನೋಡಿದರೆ ಮನೆ ಹತ್ತಿರ ಬರುತ್ತಿತ್ತು, ಕನ್ನಡಿ ನೋಡಿದರೆ ನಾವು ಮನೆ ಬಿಟ್ಟು ಹತ್ತೇ ಅಡಿ ದೂರ ಬಂದಿದ್ದೆವು.

ಕತ್ತಲಾಗುವ ಹೊತ್ತಿಗೆ ನಮ್ಮ ಬೀದಿ ಸೇರಿದೆವು. ನಮ್ಮ ಗೇಟು ಅಗಲವಿಲ್ಲ. ಹೊರಡುವ ದಿನ ಕ್ಯಾರವಾನನ್ನು ಮೂತಿ ಮುಂದಾಗಿ ಎಳೆದುಕೊಂಡು ಹೊರಬಂದಿದ್ದೆವು. ಈಗ ಅದು ಹಿಂದಾಗಿಯೇ ಒಳಗೆ ಹೋಗಬೇಕು. ಎರಡೂ ಕಡೆ ಸಿಗುವುದು ಒಂದೊಂದು ಗೇಣು. ನಾನು ಇಳಿದು ಹಿಂದೆ ನಿಂತೆ. ‘ಮಲ್ಲಿಗೆ ಬಳ್ಳಿ ಕಡೆ’ ಅಂದೆ. ‘ಮೀಟರ್ ಬಾಕ್ಸ್ ಕಡೆ’ ಅಂದೆ. ಆಮೇಲೆ ಹೇಳುವುದೇ ಬೇಕಾಗಲಿಲ್ಲ. ಮನೆ ತಾನಾಗಿ ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ ಒಳಗೆ ಬಂತು. ಒಂದೇ ಏಟಿಗೆ. 41 ದಿನದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ನಮ್ಮನೆಯವರು ಇಳಿದು ಸುತ್ತ ನೋಡಿದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎದುರು ಮನೆಯ ಬಾಗಿಲು ಹಾಕಿತ್ತು, ಪಕ್ಕದವರ ದೀಪ ಆರಿತ್ತು.

‘ಇನ್ನೊಂದ್ಸಲ ಆಚೆ ತೆಗೆದು ಮತ್ತೆ ಹಾಕ್ಲಾ?’ ಅಂದರು.

ಬೆಳಿಗ್ಗೆ ಹಾಲು ತರಲು ಕಾರು ತೆಗೆದುಕೊಂಡು ನಾನೇ ಹೋದೆ. ಕಾರು ಎಷ್ಟು ಹಗುರ ಇತ್ತು ಅಂದರೆ ಬ್ರೇಕ್ ಮುಟ್ಟಿದರೆ ಮುಗ್ಗರಿಸಿದ ಹಾಗೆ ನಿಲ್ಲುತ್ತಿತ್ತು. ಮೊದಲ ತಿರುವನ್ನು ಅಭ್ಯಾಸಬಲದಿಂದ ಅಗಲಕ್ಕೆ ತೆಗೆದುಕೊಂಡೆ. ಹಿಂದಿನಿಂದ ಬರುತ್ತಿದ್ದ ಸ್ಕೂಟರಿನವನು ಹಾರ್ನ್ ಹೊಡೆದ. ಕನ್ನಡಿ ನೋಡಿದೆ.

ಎದೆ ಧಸಕ್ಕೆಂದಿತು. ಹಿಂದೆ ಏನೂ ಇಲ್ಲ. ಗೋಡೆ ಇಲ್ಲ, ಕಿಟಕಿ ಇಲ್ಲ. ಉದ್ದಕ್ಕೆ ಬರೀ ರಸ್ತೆ, ಅದರ ಮೇಲೆ ಒಂದು ಸ್ಕೂಟರು. ಎಲ್ಲಿ ಕಳಚಿತು, ಆ ತಂತಿ ಏನಾಯಿತು, ಅಂತ ಕಾಲು ಅರ್ಧ ಬ್ರೇಕಿನ ಮೇಲೆ ಹೋಗಿತ್ತು. ಆಮೇಲೆ ನೆನಪಾಯಿತು.

ಹಾಲು ತಂದು ಒಲೆಯ ಮೇಲಿಟ್ಟು, ಅಂಗಳಕ್ಕೆ ಹೋಗಿ ನೋಡಿದೆ. ಅಲ್ಲೇ ನಿಂತಿತ್ತು. ನಮ್ಮನೆಯವರು ಅದರ ಪಕ್ಕದಲ್ಲಿ ಕಲ್ಲು ಸುರಿದುಕೊಂಡು ಕೂತಿದ್ದರು. ಕಿಟಕಿ ತೆರೆದಿತ್ತು, ಪರದೆ ಸರಿಸಿತ್ತು. ಆ ಕೊಕ್ಕೆ ಇನ್ನೂ ಹಾಕಿಲ್ಲ.